ಸೈರನ್ ಇಲ್ಲದ ಹಳ್ಳ

ಅಂಬಿಕಾನಗರದಲ್ಲಿ ನಾವಿದ್ದ ಅಷ್ಟೂ ವರ್ಷ ಹೊಳೆಯ ನೀರು ಹೇಳದೆ ಕೇಳದೆ ಬಂದದ್ದಿಲ್ಲ. ಡ್ಯಾಮಿನಿಂದ ನೀರು ಬಿಡುವ ಮುಂಚೆ ಸೈರನ್ ಕೂಗುತ್ತಿತ್ತು. ಮೊದಲು ಒಂದು ಉದ್ದನೆಯ ಕೂಗು, ಸ್ವಲ್ಪ ತಡೆದು ಇನ್ನೊಂದು. ಬಂಡೆಗಳ ಮೇಲೆ ಬಟ್ಟೆ ಒಗೆಯುತ್ತಿದ್ದವರು ಅವಸರವಿಲ್ಲದೆ ಬಕೆಟ್ಟು ಎತ್ತಿಕೊಂಡು ದಡಕ್ಕೆ ಬರುತ್ತಿದ್ದರು. ಮಕ್ಕಳು ಬೈಸಿಕೊಳ್ಳದೆ ನೀರಿನಿಂದ ಮೇಲೆ ಬರುತ್ತಿದ್ದದ್ದು ಆ ಒಂದು ಕೂಗಿಗೆ ಮಾತ್ರ. ನಮ್ಮ ಕಾಲೊನಿಯ ಮಕ್ಕಳು ರಸ್ತೆ ದಾಟುವಾಗ ಎಡಬಲ ನೋಡುವುದನ್ನು ಕಲಿಯುವ ಮೊದಲೇ ಸೈರನ್ನಿಗೆ ಕಿವಿ ಕೊಡುವುದನ್ನು ಕಲಿಯುತ್ತಿದ್ದರು.

ನಮ್ಮ ಯಜಮಾನರು ಪವರ್ ಹೌಸಿನ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ಎಷ್ಟು ಗಂಟೆಗೆ ಎಷ್ಟು ನೀರು ಎನ್ನುವುದು ಅವರಿಗೆ ಊಟದ ತಟ್ಟೆಯ ಮುಂದೆ ಕೂತಾಗಲೂ ಗೊತ್ತಿರುತ್ತಿತ್ತು. "ಇವತ್ತ ಮೂರರ ತನಕಾ ಹೊಳಿ ಖಾಲಿ" ಎಂದು ಅವರು ಹೇಳಿದರೆ ನಮ್ಮ ಸಾಲಿನ ಹೆಂಗಸರು ಕೌದಿ, ರಗ್ಗು ಹೊತ್ತುಕೊಂಡು ಒಗೆಯಲು ಹೊರಡುತ್ತಿದ್ದರು. ಯಾರೂ ಎರಡನೆಯ ಮಾತು ಕೇಳುತ್ತಿರಲಿಲ್ಲ.

ಹಾಗಾಗಿ ಆ ವರ್ಷ, ನಮ್ಮ ಮಗಳು ಏಳನೆಯ ಕ್ಲಾಸಿನಲ್ಲಿದ್ದಾಗ, ಗಾಂಧಿ ಜಯಂತಿಯ ರಜೆಗೆ ಜಲಪಾತ ನೋಡಲು ಹೋಗೋಣ ಎಂಬ ಮಾತು ಎದ್ದಾಗ ಹೆದರಿದವಳು ನಾನೊಬ್ಬಳೇ.

ಅದು ಜೋಯಿಡಾ ಕಡೆಯ ಕಾಡಿನೊಳಗಿನ ಜಲಪಾತ. ಮಳೆಗಾಲ ಮುಗಿದ ಮೇಲೆ ಎರಡು ತಿಂಗಳು ನೀರು ಬೀಳುತ್ತದೆ, ಆಮೇಲೆ ಬರೀ ಕಪ್ಪು ಬಂಡೆ. ರಸ್ತೆ ಮುಗಿಯುವವರೆಗೆ ಜೀಪು, ಅಲ್ಲಿಂದ ಒಂದೂವರೆ ತಾಸಿನ ಕಾಲ್ದಾರಿ, ದಾರಿಯಲ್ಲಿ ಒಂದು ಕಡೆ ಹಳ್ಳ ದಾಟಬೇಕು. ಹೋಗುವವರು ಎರಡು ಮನೆಯವರು: ನಾವು ಮೂವರು, ಪಕ್ಕದ ಕ್ವಾರ್ಟರ್ಸಿನ ವೈನಿ, ಅವರ ಯಜಮಾನರು ಮತ್ತು ಇಬ್ಬರು ಮಕ್ಕಳು. ಅತ್ತಿಗೆಯೆಂಬ ಸಲುಗೆಯಲ್ಲಿ ನಾನು ವೈನಿ ಎನ್ನುತ್ತಿದ್ದ ಅವರು ನನಗಿಂತ ಎಂಟು ವರ್ಷ ದೊಡ್ಡವರು. ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ನಾನು ಆ ಊರಿಗೆ ಬಂದ ಮೊದಲ ವಾರ ನನಗೆ ಜ್ವರ ಬಂದಾಗ ಗಂಜಿ ಕುಡಿಸಿದವರು.

ಅವರ ವರಾಂಡದಲ್ಲಿ ಭಾನುವಾರ ಬೆಳಿಗ್ಗೆ ಕೂತು ಯೋಜನೆ ಹಾಕಿದೆವು. ನನ್ನ ಅಕ್ಷರ ದುಂಡಗಿದೆ ಎಂದು ಪಟ್ಟಿ ಬರೆಯುವ ಕೆಲಸ ನನಗೆ ಬಂತು. ಕಾನ್ವೆಂಟ್ ಹಾಸ್ಟೆಲಿನಲ್ಲಿ ಏಳು ವರ್ಷ ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿದ ಅಕ್ಷರ ಅದು. ಚಪಾತಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ. ಕಾಲಿಗೆ ಕಚ್ಚುವ ಉಂಬಳಕ್ಕೆ ಸುಣ್ಣ, ತಂಬಾಕು. ಹಗ್ಗ. ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ. 'ಹಗ್ಗ' ಎಂದು ಬರೆದಾಗ ನನ್ನ ಪೆನ್ನು ನಿಂತಿತು.

"ಹಗ್ಗ ಯಾಕ್ರಿ?" ಎಂದೆ.

"ಬುತ್ತಿ ಗಂಟ ಕಟ್ಟಾಕ," ಎಂದರು ನಮ್ಮ ಯಜಮಾನರು. "ಮತ್ತ್ಯಾಕ ಅಂತ ತಿಳದಿ?"

"ಆ ಹಳ್ಳಕ್ಕ ಸೈರನ್ ಐತೇನ್ರಿ?"

ವೈನಿ ಚಹದ ಕಪ್ಪು ಕೆಳಗಿಟ್ಟು ನಕ್ಕರು. "ಈಕಿಗೆ ಬಚ್ಚಲದಾಗ ನೀರ ತುಂಬಿದ್ರೂ ಸೈರನ್ ಬೇಕ ನೋಡ್ರಿ. ಗಂಡಗ ಹೇಳಿ ಒಂದ ಹಾಕಿಸ್ಕೋಳವಾ ಮನಿಯಾಗ."

ಎಲ್ಲರೂ ನಕ್ಕರು. ನಮ್ಮ ಯಜಮಾನರು ನಗುತ್ತಲೇ, ಆದರೆ ಸಮಾಧಾನವಾಗಿ ಹೇಳಿದರು: "ಹಳ್ಳಕ್ಕ ಎಲ್ಲಿ ಸೈರನ್ನು? ಮ್ಯಾಲ ಡ್ಯಾಮ್ ಇಲ್ಲ, ಗೇಟಿಲ್ಲ. ನೀರ ಬಿಡಾವ್ರ ಯಾರದಾರ ಅಲ್ಲಿ? ಹೊಳಿಗಿಂತಾ ಹಳ್ಳ ಛಲೋ."

ಎಲ್ಲರಿಗೂ ಅದು ಸರಿಯೆನಿಸಿತು. ನನಗೆ ಮಾತ್ರ ಅದೇ ಮಾತು ಹೆದರಿಕೆ ಹುಟ್ಟಿಸಿತು. ನನ್ನ ತವರು ಮುಂಡಗೋಡ ತಾಲೂಕಿನ ಇಂದೂರ. ಅಲ್ಲಿ ನೀರು ಯಾರೂ ಬಿಡದೆ ಬರುತ್ತಿತ್ತು. ಆ ವಾರ ನಡೆದಿದ್ದದ್ದು ಹಸ್ತ ಮಳೆ. ಆ ಹದಿಮೂರು ದಿನಗಳಲ್ಲಿ ನಮ್ಮಪ್ಪ ಅಂಗಳದಲ್ಲಿ ಗೋವಿನಜೋಳ ಒಣಹಾಕಿದರೆ ಮಧ್ಯಾಹ್ನವಾಗುವ ಮೊದಲೇ ಬಳಿದು ಒಳಗೆ ತುಂಬಿಸುತ್ತಿದ್ದರು. ಆಕಾಶ ನೀಲಿಯಾಗಿದ್ದರೂ ಸರಿ, ಆಳುಗಳು ಗೊಣಗಿದರೂ ಸರಿ. ಇದನ್ನು ಆ ವರಾಂಡದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಆರು ಜನ ಒಂದು ಮಾತಿಗೆ ತಲೆಯಾಡಿಸಿದ ಮೇಲೆ ಏಳನೆಯವಳಾಗಿ ಬೇಡ ಎನ್ನುವುದು ನನಗೆ ಯಾವತ್ತೂ ಬಂದದ್ದಿಲ್ಲ. ಒಳ್ಳೆಯ ಹುಡುಗಿಯರು ಮಾತಿಗೆ ಎದುರು ಮಾತು ಜೋಡಿಸುವುದಿಲ್ಲ ಎಂದು ಹಾಸ್ಟೆಲಿನಲ್ಲಿ ನನಗೆ ಕಲಿಸಿದ್ದ ಸಿಸ್ಟರ್‌ಗೆ ನಾನು ತುಂಬ ವಿಧೇಯಳಾದ ವಿದ್ಯಾರ್ಥಿನಿ. ತಲೆ ತಗ್ಗಿಸಿ ಪಟ್ಟಿಯಲ್ಲಿ 'ಉಪ್ಪಿನಕಾಯಿ' ಎಂದು ಬರೆದೆ.

ದಾರಿ ತೋರಿಸಲು ಒಪ್ಪಿದ್ದವಳು ವಾರಕ್ಕೆ ಎರಡು ಸಲ ನಮ್ಮ ಸಾಲಿಗೆ ಸೊಪ್ಪು ತರುತ್ತಿದ್ದ ಸಿದ್ದಿ ಹೆಂಗಸು. ಹರಿವೆ, ಕಳಲೆ, ಒಮ್ಮೊಮ್ಮೆ ಬಾಟಲಿಯಲ್ಲಿ ಜೇನು. ಆಕೆಯ ಕೇರಿ ಜಲಪಾತದ ದಾರಿಯಲ್ಲೇ ಇತ್ತು. ಕಾಲೊನಿಯ ಹೆಂಗಸರನ್ನೆಲ್ಲ 'ಬಾಯಾರ' ಎಂದು ಕರೆಯುತ್ತಿದ್ದಳು, ಹಾಗೆ ಮರ್ಯಾದೆಯಿಂದ ಕರೆಯುತ್ತಲೇ ಎಲ್ಲರನ್ನೂ ಕಾಡಿಸುತ್ತಿದ್ದಳು. ಮಂಗಳವಾರ ಆಕೆ ಬಂದಾಗ, ಹಿತ್ತಲ ನಲ್ಲಿಯ ಹತ್ತಿರ ಸೊಪ್ಪು ಆರಿಸುತ್ತಾ ಮೆಲ್ಲಗೆ ಕೇಳಿದೆ.

"ಆ ಹಳ್ಳ ಹೆಂಗೈತಿ?"

"ಹಳ್ಳ ಹಳ್ಳದಂಗ ಐತ್ರಿ. ಇನ್ನ ಹೆಂಗಿರ್ತೈತಿ?"

"ಹಂಗಲ್ಲ. ಅಂಜೂವಂಥಾದ್ದು ಏನರ ಐತೇನು?"

ಆಕೆ ಸೊಪ್ಪಿನ ಕಟ್ಟು ಬಿಡಿಸುವುದನ್ನು ನಿಲ್ಲಿಸಿದಳು. "ಹಸ್ತಿ ಮಳಿ ಐತಲ್ರಿ. ಮ್ಯಾಲ ಗುಡ್ಡದಾಗ ಬಿದ್ರ ಕೆಳಗ ಗೊತ್ತಾಗೂದಿಲ್ಲ. ಇಲ್ಲಿ ಬಿಸಲ ಇರ್ತೈತಿ, ಹಳ್ಳ ಬಂದಬಿಡ್ತೈತಿ. ಮುಂಜಾನಿ ಲಗೂನ ಹೋಗಿ, ಹನ್ನೆರಡ ಆಗೂದರಾಗ ಹಳ್ಳ ದಾಟಿ ಈ ಕಡಿ ಬಂದ್ರ ಮುಗೀತು. ನಾ ಇರ್ತೇನಲ್ರಿ. ಬರಲಿಲ್ಲಂದ್ರ ಸೀರಿ ಸೆರಗ ಹಿಡದ ಎಳಕೊಂಡ ಬರ್ತೇನಿ ನಿಮ್ಮನ್ನ."

ಈ ಮಾತಿನಲ್ಲಿ ಧೈರ್ಯವೂ ಇತ್ತು, ಉಪಾಯವೂ ಇತ್ತು. ಇವತ್ತು ಬರೆಯುವಾಗ ಅದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಅವತ್ತು ನನ್ನ ಕಿವಿಗೆ ಬಿದ್ದದ್ದು ಒಂದೇ: ಬಿಸಿಲಿರುತ್ತದೆ, ಹಳ್ಳ ಬರುತ್ತದೆ. ಮಗಳು ಎರಡು ದಿನದಿಂದ ಹೊಸ ಕ್ಯಾನ್ವಾಸ್ ಬೂಟಿನ ಲೇಸು ಕಟ್ಟಿ ಬಿಚ್ಚಿ ಮಾಡುತ್ತಿದ್ದಳು. ಆ ಬೂಟು ಕಣ್ಣಿಗೆ ಬಿದ್ದಾಗಲೆಲ್ಲ ಅದು ಒಂದೇ ಒಂದು, ಮರಳಿನಲ್ಲಿ ಬಿದ್ದಿರುವಂತೆ ಕಾಣುತ್ತಿತ್ತು. ಇಂಥ ಚಿತ್ರಗಳನ್ನು ಯಾರಿಗೆ ಹೇಳುವುದು?

"ನೀ ಒಂದ ಕೆಲಸ ಮಾಡು," ಎಂದೆ. "ನಿನಗ ಬರಾಕ ಆಗೂದಿಲ್ಲ ಅಂತ ಹೇಳು. ನೀ ಇಲ್ಲಂದ್ರ ಇವರು ಹೋಗೂದಿಲ್ಲ."

ಆಕೆ ನನ್ನನ್ನು ನೋಡಿದಳು. ಆಮೇಲೆ ನಕ್ಕಳು. "ನಿಮ್ಮ ಗಂಡಗ ನೀವ ಹೇಳ್ರಿ ಬಾಯಾರ. ನಿಮ್ಮ ಖೋಲ್ಯಾಗ ಹೇಳೂ ಮಾತು ನನ್ನ ಬಾಯಿಲೆ ಯಾಕ ಹೇಳಸ್ತೀರಿ?"

ಕಣ್ಣಲ್ಲಿ ನೀರು ಬಂತು. ಅಡಗಿಸಲು ನಲ್ಲಿ ತಿರುಗಿಸಿ ಮುಖ ತೊಳೆದೆ. ಆಕೆಯ ನಗು ನಿಂತಿತು.

"ಅಳಬ್ಯಾಡ್ರಿ. ಆತು. ಏನಂತ ಹೇಳ್ತೀರಿ?"

"ಕಾಲ ಉಳುಕೇತಿ ಅಂತ ನಾನ ಹೇಳ್ತೇನಿ. ನೀ ಸುಮ್ಮನ ಇದ್ದರ ಸಾಕು."

"ಹೇಳ್ರಿ. ನಾ ಇಲ್ಲ ಅನ್ನೂದಿಲ್ಲ," ಎಂದು ಬುಟ್ಟಿ ತಲೆಗೇರಿಸಿಕೊಂಡಳು. ನಾಲ್ಕು ಹೆಜ್ಜೆ ಹೋಗಿ ಒಮ್ಮೆ ತಿರುಗಿ ನೋಡಿ ಹೋದಳು.

ಅವತ್ತು ಸಂಜೆ ಯಜಮಾನರು ಶಿಫ್ಟ್ ಮುಗಿಸಿ ಬಂದು ಕಾಲು ತೊಳೆಯುವಾಗ ಟವೆಲ್ ಕೊಡುತ್ತಾ ಹೇಳಿದೆ. "ಆಕಿಗೆ ಕಾಲ ಉಳುಕೇತಂತ್ರಿ. ಬರಾಕ ಆಗೂದಿಲ್ಲಂತ."

ನನ್ನ ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅವರಿಗೆ ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಅವರು ಮುಖ ಒರೆಸಿಕೊಂಡು, "ಪಾಪ" ಎಂದರು. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ಇರ್ಲಿ, ದಾರಿ ನನಗ ಗೊತ್ತೈತಿ. ಹ್ವಾದ ವರ್ಷ ಅರ್ಧ ದಾರಿ ಹೋಗಿ ಬಂದೇನಿ. ಮುಂದ ಹಳ್ಳ ಹಿಡಕೊಂಡ ಹೋದ್ರಾತು."

"ಆಕಿ ಇಲ್ಲದ ಹೋಗೂದೇನು?"

"ಆಕಿ ಏನ ನಮ್ಮನ್ನ ಹೊತ್ತಗೊಂಡ ಹೋಗಾಕಿದ್ದಳೇನು?" ಎಂದು ನಕ್ಕು ಒಳಗೆ ಹೋದರು.

ಟವೆಲ್ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ. ಹೋಗುವುದನ್ನು ನಿಲ್ಲಿಸಲು ಹೋಗಿ, ಹೋಗುವವರ ಜೊತೆ ಇರಬೇಕಾಗಿದ್ದ ಒಬ್ಬಳೇ ಒಬ್ಬಳನ್ನು ನಿಲ್ಲಿಸಿದ್ದೆ. ಆಗಲೂ ಬಾಯಿ ಬಿಡಬಹುದಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ, ಊಟದ ಹೊತ್ತಿಗೆ ಎಂದುಕೊಂಡೆ. ಹೊರಡುವ ದಿನ ಬೆಳಗಿನ ಜಾವ ಚಪಾತಿ ಲಟ್ಟಿಸುವಾಗಲೂ ಇನ್ನೂ ಸಮಯವಿದೆ ಎಂದುಕೊಳ್ಳುತ್ತಲೇ ಇದ್ದೆ. ಇಪ್ಪತ್ತೆಂಟು ಚಪಾತಿ ಮಾಡಿದೆ. ಅದರಲ್ಲಿ ಒಂದೂ ದುಂಡಗೆ ಬರಲಿಲ್ಲ.

ಜೀಪು ಇಳಿದಾಗ ಎಂಟೂವರೆ ಇರಬೇಕು. ತೊಳೆದಂತಹ ಆಕಾಶ. ಹುಲ್ಲಿನ ಮೇಲೆ ಇಬ್ಬನಿ. ಮಕ್ಕಳು ಮುಂದೆ, ಅವರ ಹಿಂದೆ ಗಂಡಸರು, ಹಿಂದೆ ನಾವಿಬ್ಬರು. ವೈನಿ ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ನನಗೆ ಕೇಳುತ್ತಿದ್ದದ್ದು ಎಡಗಡೆಯ ಕಣಿವೆಯಲ್ಲಿ ಕಾಣದೆ ಹರಿಯುತ್ತಿದ್ದ ಹಳ್ಳದ ಸದ್ದು ಮಾತ್ರ. ಆ ಸದ್ದು ಹೆಚ್ಚಾಯಿತೇ, ಅಷ್ಟೇ ಇದೆಯೇ ಎಂದು ಪ್ರತಿ ತಿರುವಿನಲ್ಲಿ ನಿಂತು ಕೇಳುತ್ತಿದ್ದೆ.

ಸಿದ್ದಿಯವರ ಕೇರಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಎದುರಿನಿಂದ ತಲೆಯ ಮೇಲೆ ಸೌದೆ ಹೊರೆ ಹೊತ್ತು ಒಬ್ಬಳು ಬರುತ್ತಿದ್ದಳು. ದಾಪುಗಾಲು, ನೆಟ್ಟಗಿನ ಬೆನ್ನು. ಆ ನಡಿಗೆ ನೋಡಿಯೇ ನಾನು ನಿಂತುಬಿಟ್ಟೆ.

ವೈನಿ ಮೊದಲು ನೋಡಿದರು. "ಅಯ್ಯ, ಕಾಲ ಉಳುಕಿದಾಕಿ ನೋಡ್ರಿ. ಹೆಂಗ ಓಡ್ಲಿಕ್ಕತ್ಯಾಳ."

ಆಕೆಯೂ ನಮ್ಮನ್ನು ನೋಡಿ ನಿಂತಳು. ನಾವು ಹೋಗುವುದಿಲ್ಲ ಎಂದೇ ಆಕೆ ನಂಬಿದ್ದಳು, ಅದು ಮುಖದಲ್ಲಿ ಕಾಣುತ್ತಿತ್ತು. ನಮ್ಮ ಯಜಮಾನರ ದನಿ ಗಟ್ಟಿಯಾಯಿತು.

"ಬರೂದ ಬ್ಯಾಡಾಗಿದ್ರ ಬರೂದಿಲ್ಲ ಅನ್ನಬೇಕಿತ್ತು. ಸುಳ್ಳ ಯಾಕ ಹೇಳಿ ಕಳಿಸಿದಿ?"

ಆಕೆ ಹೊರೆಯ ಕೆಳಗಿನಿಂದ ನನ್ನ ಕಡೆ ನೋಡಿದಳು. ಒಂದೇ ಸಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಾನು ಆಕೆಯ ಪಾದಗಳನ್ನು ನೋಡುತ್ತಿದ್ದೆ. ಎಡಗಾಲಿನ ಕಿರುಬೆರಳಿಗೆ ಹಸಿ ಎಲೆ ಅಂಟಿಕೊಂಡಿತ್ತು.

"ತಪ್ಪಾತ್ರಿ ಸಾಹೇಬ್ರ," ಎಂದಳು ಆಕೆ. "ಆದ್ರ ಒಂದ ಮಾತ ಕೇಳ್ರಿ. ಹನ್ನೆರಡ ಆಗೂದರಾಗ ಹಳ್ಳ ದಾಟಿ ಹೊಳ್ಳಿ ಬರ್ರಿ. ಹಸ್ತಿ ಮಳಿ ಐತಿ."

"ನಡೀರಿ ನಡೀರಿ," ಎಂದರು ವೈನಿಯ ಯಜಮಾನರು ಮಕ್ಕಳಿಗೆ. "ಕಾಲಿಂದ ಆತು, ಈಗ ಮಳಿ ಬಂತು. ಇಂಥಾ ಬಿಸಲಾಗ."

ನಮ್ಮ ಯಜಮಾನರು ಆಕಾಶ ನೋಡಿದರು. ಬೇರೆ ಯಾರಾದರೂ ಆ ಮಾತು ಹೇಳಿದ್ದರೆ ಅವರು ನಿಂತು ಎರಡು ಪ್ರಶ್ನೆ ಕೇಳುತ್ತಿದ್ದರು, ನನಗೆ ಗೊತ್ತು. ಸುಳ್ಳು ಹೇಳುವವಳ ಮಾತೆಂದು ಕೇಳಲಿಲ್ಲ. ಆಕೆಯ ಮಾತಿನ ಬೆಲೆಯನ್ನು ಕಿತ್ತುಕೊಂಡ ನಾನು ಅವರ ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ನೀರಿನ ಬಾಟಲಿ ಹಿಡಿದು.

ಹಳ್ಳ ದಾಟುವ ಜಾಗ ಬಂತು. ಎರಡು ದಡ ಹತ್ತಿರ ಬಂದಿದ್ದ ಕಡೆ ಸಾಲಾಗಿ ಕಲ್ಲುಗಳಿದ್ದವು. ನಡುವೆ ಕಣಕಾಲು ಮುಳುಗುವಷ್ಟು ನೀರು, ತಳದ ಹರಳುಗಳು ಎಣಿಸಬಹುದಾದಷ್ಟು ತಿಳಿ. ಮಗಳು ಕುಣಿಯುತ್ತಾ ಕಲ್ಲಿನಿಂದ ಕಲ್ಲಿಗೆ ಹಾರಿದಳು. ನಾನು ದಾಟಿದ ಮೇಲೆ ತಿರುಗಿ ಆ ಕಲ್ಲುಗಳನ್ನು ನೋಡಿದೆ. ಒಂಬತ್ತು. ನಡುವಿನ ದೊಡ್ಡ ಕಲ್ಲಿನ ಮೇಲೆ, ನೀರಿನಿಂದ ಒಂದು ಗೇಣು ಎತ್ತರದಲ್ಲಿ, ಬಿಳಿ ಗೆರೆ ಎಳೆದಂತೆ ಹಾವಸೆ ಒಣಗಿತ್ತು.

ಜಲಪಾತವನ್ನು ಬಣ್ಣಿಸಲು ನನಗೆ ಬರುವುದಿಲ್ಲ. ಎಲ್ಲರೂ ಚೆನ್ನಾಗಿತ್ತು ಎಂದರು. ನನಗೆ ನೆನಪಿರುವುದು ಅದರ ಸದ್ದಿನಲ್ಲಿ ಬೇರೆ ಯಾವ ಸದ್ದೂ ಕೇಳುತ್ತಿರಲಿಲ್ಲ ಎನ್ನುವುದು. ಗುಡುಗಿದರೂ ಕೇಳುವಂತಿರಲಿಲ್ಲ. ಕೆಳಗಿನ ಮಡುವಿನಲ್ಲಿ ಮಗಳು ಅಪ್ಪನ ಹೆಗಲು ಹಿಡಿದು ಕಾಲು ಬಡಿಯುತ್ತಿದ್ದಳು. ನಾನು ದಡದಲ್ಲಿ ಯಜಮಾನರ ಕೈಗಡಿಯಾರವನ್ನು ಅಂಗೈಯಲ್ಲಿ ಹಿಡಿದು ಕೂತಿದ್ದೆ. ಹನ್ನೊಂದು ಕಾಲು. ಹನ್ನೊಂದೂವರೆ. ಹನ್ನೊಂದೂ ಮುಕ್ಕಾಲು. "ಹೋಗೂಣೇನ್ರಿ?" ಎಂದು ಎರಡು ಸಲ ಕೇಳಿದೆ. ಒಮ್ಮೆ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ವೈನಿ, "ಕುಂಡರ ಸುಮ್ಮನ, ಈಗರ ಬಂದೇವಿ" ಎಂದು ನನ್ನ ಕೈ ಜಗ್ಗಿ ಕೂರಿಸಿದರು.

ಹನ್ನೆರಡಕ್ಕೆ ಎಲ್ಲರೂ ಮೇಲೆ ಬಂದು ಬುತ್ತಿ ಬಿಚ್ಚಿದರು. ಮಗಳ ತುಟಿ ನೀಲಿಯಾಗಿತ್ತು, ನಗುತ್ತಿದ್ದಳು. "ಮಮ್ಮಿ, ಊಟ ಆದಮ್ಯಾಲ ಇನ್ನೊಂದ ಸಲ ಇಳೀತೇನಿ," ಎಂದಳು. ಯಜಮಾನರು, "ಮೂರರ ತನಕಾ ಇರೂಣು, ಗಡಿಬಿಡಿ ಏನೈತಿ?" ಎಂದರು.

ಮೂರು. ಹೊಳೆಗೆ ಹೇಳುತ್ತಿದ್ದ ಅಂಕಿಯನ್ನೇ ಅವರು ಹಳ್ಳಕ್ಕೂ ಹೇಳಿದ್ದರು. ಹಾಸ್ಟೆಲಿನಲ್ಲಿ ಶನಿವಾರ ಸಂಜೆ ಕ್ಯಾಥೊಲಿಕ್ ಹುಡುಗಿಯರು ಪಾಪ ನಿವೇದನೆಗೆ ಸಾಲು ನಿಲ್ಲುತ್ತಿದ್ದರು. ನಾವು ಹಿಂದೂ ಹುಡುಗಿಯರು ಹೊರಗೆ ಬೆಂಚಿನ ಮೇಲೆ ಕೂತು ಅವರು ಒಳಗೆ ಹೋಗುವಾಗಿನ ಮುಖವನ್ನೂ ಹೊರಗೆ ಬರುವಾಗಿನ ಮುಖವನ್ನೂ ನೋಡುತ್ತಿದ್ದೆವು. ಅವರಿಗೆ ಅಲ್ಲಿ ಒಂದು ಪರದೆ ಇರುತ್ತಿತ್ತು. ನನ್ನ ಮುಂದೆ ಎಣ್ಣೆಗಾಯಿಯ ಡಬ್ಬಿ, ಆರು ಜನ, ಅದರಲ್ಲಿ ನನ್ನ ಮಗಳು.

"ಆಕಿ ಸುಳ್ಳ ಹೇಳಿಲ್ಲ," ಎಂದೆ. ನೀರಿನ ಸದ್ದಿಗೆ ಕೇಳಲಿಲ್ಲ. ಇನ್ನೊಮ್ಮೆ, ಅರಚಿದಂತೆ ಹೇಳಬೇಕಾಯಿತು. "ಸುಳ್ಳ ಹೇಳಿದಾಕಿ ನಾನು. ಆಕಿ ಬರಾಕ ತಯಾರ ಇದ್ದಳು. ಬರಬ್ಯಾಡ ಅಂತ ನಾನ ಹೇಳಿದೆ. ಆಕಿ ಬರಲಿಲ್ಲಂದ್ರ ನೀವು ಹೋಗೂದಿಲ್ಲ ಅಂತ ತಿಳದಿದ್ದೆ."

ವೈನಿಯ ಕೈಯಲ್ಲಿದ್ದ ಚಪಾತಿ ಅರ್ಧದಲ್ಲಿ ನಿಂತಿತು. ಯಜಮಾನರು ನನ್ನನ್ನೇ ನೋಡುತ್ತಿದ್ದರು. ಸಿಟ್ಟು ಬರುತ್ತದೆ ಎಂದು ಕಾದೆ. ಅವರು ಕೇಳಿದ್ದು ಇಷ್ಟೇ:

"ಹನ್ನೆರಡ ಅಂದದ್ದು ಖರೇನ?"

"ಖರೇ. ಮಂಗಳವಾರನೂ ನನಗ ಅದನ್ನ ಹೇಳಿದ್ದಳು. ಮ್ಯಾಲ ಬಿದ್ರ ಕೆಳಗ ಗೊತ್ತಾಗೂದಿಲ್ಲ ಅಂದಳು."

ಅವರು ನನ್ನ ಅಂಗೈಯಿಂದ ಗಡಿಯಾರ ತೆಗೆದು ನೋಡಿದರು. ಹನ್ನೆರಡೂ ಇಪ್ಪತ್ತು. ಡಬ್ಬಿಯ ಮುಚ್ಚಳ ಹಾಕಿದರು. "ಏಳ್ರಿ," ಎಂದರು ಎಲ್ಲರಿಗೂ. ತಿಳಿದವರು ಹೇಳಿದ ಸಮಯ ಎಂದಾದ ಮೇಲೆ ಅವರಿಗೆ ಅದರ ಮೇಲೆ ಚರ್ಚೆ ಇರಲಿಲ್ಲ. ಹದಿನೈದು ವರ್ಷ ಕಂಟ್ರೋಲ್ ರೂಮಿನಲ್ಲಿ ಅವರು ಬದುಕಿದ್ದದ್ದೇ ಹಾಗೆ. ವೈನಿಯ ಯಜಮಾನರು, "ಆಕಾಶ ನೋಡ್ರಲಾ" ಎಂದು ಗೊಣಗಿದರು. ಆಕಾಶ ಹಾಗೆಯೇ ಇತ್ತು, ಒಂದು ಚೂರು ಮೋಡವಿಲ್ಲ. ಮಗಳು ಒದ್ದೆ ಬಟ್ಟೆಯಲ್ಲೇ ಅಳುತ್ತಾ ಬೂಟು ಹಾಕಿಕೊಂಡಳು.

ದಾಟುವ ಜಾಗಕ್ಕೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ನಾನು ಮೊದಲು ಕಲ್ಲುಗಳನ್ನು ಹುಡುಕಿದೆ. ಒಂಬತ್ತರಲ್ಲಿ ನಾಲ್ಕು ಕಾಣುತ್ತಿದ್ದವು. ಬೆಳಗಿನ ತಿಳಿನೀರು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿತ್ತು. ಹಸಿ ಎಲೆ, ಕಡ್ಡಿ, ನೊರೆ ತೇಲಿ ಬರುತ್ತಿದ್ದವು. ಮಣ್ಣಿನ ವಾಸನೆ. ಮೇಲೆ ಬಿಸಿಲು ಹೊಳೆಯುತ್ತಲೇ ಇತ್ತು.

"ಸೈರನ್ ಆಗಲಿಲ್ಲಲಾ," ಎಂದಿತು ವೈನಿಯ ಚಿಕ್ಕ ಮಗು, ಯಾರಿಗೂ ಅಲ್ಲದಂತೆ. ನಮ್ಮ ಯಜಮಾನರ ಮುಖವನ್ನು ನಾನು ನೋಡಿದೆ. ಆ ಮುಖದಲ್ಲಿ ನಾನು ಹೆದರಿಕೆ ಕಂಡದ್ದು ಅದೇ ಮೊದಲು. ನನಗೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಬೇಕಿರಲಿಲ್ಲ.

ಅವರು ಮಗಳ ಕೈ ಹಿಡಿದು ಮೊದಲ ಕಲ್ಲಿನ ಮೇಲೆ ಕಾಲಿಟ್ಟರು. ಆಗ ಆಚೆ ದಡದಿಂದ ಯಾರೋ ಕೂಗಿದರು.

"ಅಲ್ಲಿ ಬ್ಯಾಡ್ರಿ. ಮ್ಯಾಲ ಬರ್ರಿ, ಮ್ಯಾಲ."

ಆಕೆಯೇ. ಬಿಚ್ಚಿದ ಸೌದೆ ಮರದ ಬುಡದಲ್ಲಿತ್ತು, ಅದರ ಹಗ್ಗ ಆಕೆಯ ಹೆಗಲ ಮೇಲಿತ್ತು. ಬೆಳಿಗ್ಗೆ ನಮ್ಮ ಹಿಂದೆಯೇ ಬಂದು ಆಕೆ ಆಗಿನಿಂದ ಅಲ್ಲೇ ಕಾಯುತ್ತಿದ್ದಳು. ಕಲ್ಲಿನ ಸಾಲಿರುವಲ್ಲಿ ಹಳ್ಳ ಸಣ್ಣದು, ನೀರಿಗೆ ಜೋರು ಹೆಚ್ಚು. ಐವತ್ತು ಹೆಜ್ಜೆ ಮೇಲೆ ಹಳ್ಳ ಅಗಲವಾಗಿತ್ತು, ತಳದಲ್ಲಿ ಕಾಲೂರಲು ಗಟ್ಟಿಯಾದ ಗರಸು. ಅದನ್ನು ಆಕೆ ಆಮೇಲೆ ಹೇಳಿದ್ದು. ಆಗ ನಾವು ಆಕೆ ಕೈ ತೋರಿಸಿದ ಕಡೆ ಓಡಿದೆವು. ಆಕೆ ಆ ಕಡೆಯಿಂದ ನೀರಿಗಿಳಿದು ನಡುವಿನವರೆಗೆ ಬಂದು ಹಗ್ಗ ಎಸೆದಳು.

ಎಲ್ಲರೂ ಹಗ್ಗ ಹಿಡಿದು ಸಾಲಾಗಿ ದಾಟಿದೆವು. ನನ್ನ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಮಗಳ ಮಣಿಕಟ್ಟು. ನನಗೆ ಮೊಣಕಾಲ ಮೇಲೆ, ಅವಳಿಗೆ ತೊಡೆಯ ತನಕ. ಸೀರೆ ನೀರು ಕುಡಿದು ಕಾಲಿಗೆ ಸುತ್ತಿಕೊಂಡು ನನ್ನನ್ನು ಕೆಳಗಡೆ ಜಗ್ಗುತ್ತಿತ್ತು. ನಡುವೆ ಮಗಳ ಕಾಲು ಜಾರಿತು. ಅವಳ ಇಡೀ ಭಾರ ನನ್ನ ಐದು ಬೆರಳಿಗೆ ಬಂತು. ಒಂದು ಕ್ಷಣ ಅಷ್ಟೇ. ಆಕೆ ಎರಡು ಹೆಜ್ಜೆ ಹಾಕಿ ಮಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಡಕ್ಕೆ ಒಯ್ದಳು. ನನ್ನ ಉಗುರಿನ ಗುರುತು ಮಗಳ ಮಣಿಕಟ್ಟಿನಲ್ಲಿ ಒಂದು ವಾರ ಇತ್ತು.

ದಡಕ್ಕೆ ಬಂದು ಕೂತ ಮೇಲೆ ಹತ್ತು ನಿಮಿಷವೂ ಆಗಿರಲಿಲ್ಲ, ಹಳ್ಳ ಬಂತು. ಸದ್ದು ಮೊದಲು, ನೀರು ಆಮೇಲೆ. ಒಂಬತ್ತು ಕಲ್ಲುಗಳಿದ್ದ ಜಾಗದಲ್ಲಿ ಒಂದು ಮರ ಬೇರು ಸಮೇತ ತಿರುಗುತ್ತಾ ಹೋಯಿತು. ಯಜಮಾನರು ಆಕೆಯ ಮುಂದೆ ಕೈ ಜೋಡಿಸಿದರು. ಆಕೆ, "ಏಳ್ರಿ ಸಾಹೇಬ್ರ, ಮಗಳಿಗೆ ಥಂಡಿ ಆಗೈತಿ" ಎಂದು ಎಲ್ಲರನ್ನೂ ತನ್ನ ಮನೆಗೆ ಕರೆದೊಯ್ದು ಬೆಲ್ಲದ ಚಹ ಕೊಟ್ಟಳು. ನನ್ನ ಕಪ್ಪು ಕೊಡುವಾಗ ಮಾತ್ರ ಆಕೆ ನನ್ನ ಮುಖ ನೋಡಲಿಲ್ಲ.

ಮುಂದಿನ ಮಂಗಳವಾರ ಆಕೆ ನಮ್ಮ ಸಾಲಿಗೆ ಬರಲಿಲ್ಲ. ಶುಕ್ರವಾರವೂ ಇಲ್ಲ. ಇನ್ನೊಂದು ಮಂಗಳವಾರ ಕಳೆಯಿತು. ವೈನಿಯನ್ನು ಕೇಳಿದೆ.

"ಬರೂದಿಲ್ಲ ಬಿಡವಾ," ಎಂದರು ವೈನಿ, ದನಿ ತಗ್ಗಿಸಿ. "ನಿನ್ನ ಹೆಸರ ನಾ ಎಲ್ಲೂ ತಂದಿಲ್ಲ. ಆಕಿನ ಮಾತ ಕೊಟ್ಟ ಕೈ ಕೊಟ್ಟಳು, ಅದಕ್ಕ ಹಿಂಗಾತು ಅಂತ ಎಲ್ಲಾರಿಗೂ ಹೇಳೇನಿ. ಈಗ ಆಕಿನ್ನ ಯಾರೂ ಬಾಗಲದಾಗ ನಿಂದರಸೂದಿಲ್ಲ. ಮನಿ ಮಾತು ಹೊರಗ ಯಾಕ?"

ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದರು. ಹೇಳುತ್ತಾ ನನ್ನ ಕೈಯನ್ನೂ ಒತ್ತಿದರು. ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ಯಜಮಾನರಿಗೆ ಹೇಳಿದೆ. ಅವರು ತಮ್ಮ ತಟ್ಟೆ ಬದಿಗಿಟ್ಟು, "ನಾ ಹೇಳಲೇನು ಎಲ್ಲಾರಿಗೂ?" ಎಂದು ಕೇಳಿದರು. ಹೂಂ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು.

"ಬ್ಯಾಡ್ರಿ. ಅದನ್ನ ನಾನ ಹೇಳಬೇಕು," ಎಂದೆ.

ಶುಕ್ರವಾರ ಬೆಳಿಗ್ಗೆ ಕಾಲೊನಿಯ ಬಸ್ ಸ್ಟಾಪಿನಲ್ಲಿ ಆಕೆ ಸಿಕ್ಕಳು. ದಾಂಡೇಲಿಗೆ ಹೊರಟಿದ್ದಳು, ಬುಟ್ಟಿ ತುಂಬ ಸೊಪ್ಪು. ಇಲ್ಲಿ ಹೋಗದ ಸೊಪ್ಪನ್ನು ಇನ್ನು ಅಷ್ಟು ದೂರ ಒಯ್ದು ಮಾರಬೇಕು. ನಾನು ಎರಡು ದಿನದಿಂದ ಜೋಡಿಸಿಟ್ಟಿದ್ದ ಮಾತುಗಳನ್ನು ಶುರು ಮಾಡಿದೆ. ಆಕೆ ನಡುವೆಯೇ ತಡೆದಳು.

"ನನಗ ಯಾಕ ಹೇಳ್ತೀರಿ ಬಾಯಾರ? ನನಗ ಗೊತ್ತೈತಲಾ. ಗೊತ್ತಿಲ್ಲದಾವ್ರಿಗೆ ಹೇಳ್ರಿ."

"ಹೇಳ್ತೇನಿ."

"ಯಾವಾಗ?"

ನಾಳೆ ಎನ್ನಲು ಹೋದೆ. ಆಕೆ ಬಸ್ಸು ಬರುವ ದಾರಿಯನ್ನು ನೋಡಿದಳು, ಆಮೇಲೆ ಬುಟ್ಟಿಯನ್ನು ಕೆಳಗಿಟ್ಟು ಅದರ ಪಕ್ಕದಲ್ಲಿ ಕೂತಳು. "ಇನ್ನೊಂದ ಬಸ್ಸು ಹನ್ನೊಂದಕ್ಕ ಐತಿ. ಅಲ್ಲಿ ತನಕಾ ಕುಂತಿರ್ತೇನಿ," ಎಂದಳು.

ನಮ್ಮ ಸಾಲಿನಲ್ಲಿ ಹನ್ನೆರಡು ಮನೆಗಳು. ನಮ್ಮದೂ ವೈನಿಯದೂ ಬಿಟ್ಟರೆ ಹತ್ತು. ತುದಿಯ ಮನೆಯಿಂದ ಶುರು ಮಾಡೋಣ ಎಂದು ಹೊರಟೆ. ನೀರಿನ ನಡುವೆ ನಿಂತಾಗಲೂ ನಾನು ಅಷ್ಟು ಹೆದರಿರಲಿಲ್ಲ. ಮೆಟ್ಟಿಲ ಮೇಲೆ ಹಪ್ಪಳ ಒಣಹಾಕಿದ್ದರು, ಅದನ್ನು ತುಳಿಯದಂತೆ ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತಿದೆ. ಬಾಗಿಲು ಬಡಿದು, ತೆರೆಯದಿದ್ದರೆ ಸಾಕು ಎಂದು ಕಾದೆ. ಒಳಗೆ ಕುಕ್ಕರ್ ಕೂಗುತ್ತಿತ್ತು. ಚಪ್ಪಲಿಯ ಸದ್ದು ಹತ್ತಿರ ಬಂತು.

"ಅಯ್ಯ, ನೀನೇನವಾ? ಬಾ ಒಳಗ," ಎಂದರು ಆ ಮನೆಯಾಕೆ, ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದು. "ಮುಖ ಯಾಕ ಹಿಂಗ ಮಾಡೀದಿ?"

"ಒಳಗ ಬರೂದಿಲ್ಲ ಅಕ್ಕಾರ, ಒಂದ ಮಾತ ಹೇಳಿ ಹೋಗ್ತೇನಿ," ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಆಮೇಲೆ, ಪಕ್ಕದ ಮನೆಗೂ ಕೇಳಿಸುವ ಹಾಗೆ ಹೇಳಿದೆ: "ಸೊಪ್ಪಿನಾಕಿ ಸುಳ್ಳ ಹೇಳಿಲ್ಲ. ಬರಬ್ಯಾಡ ಅಂತ ಆಕಿಗೆ ಹೇಳಿದಾಕಿ ನಾನು."